ಹಳೆಯ ಜೀಪಿನ ಸವೆದ ಬ್ರೇಕು: ಮನೆಯಂಗಳದಲ್ಲಿ ಮಾಡಬಹುದಾದ ದುರಸ್ತಿ

ಮಲೆನಾಡಿನ ಅಡಕೆ ತೋಟಗಳಲ್ಲಿಯೂ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿಯೂ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಎರಡನೆಯ ಮಹಾಯುದ್ಧದ ನಂತರ ವಿಲ್ಲಿಸ್ ಮಾದರಿಯ ಜೀಪುಗಳು ನಮ್ಮಲ್ಲಿಗೆ ಬಂದವು. ಆಮೇಲೆ ಮಹೀಂದ್ರ ಸಂಸ್ಥೆ ಅದೇ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಗೊಬ್ಬರದ ಚೀಲ, ಅಡಕೆ ಮೂಟೆ, ಆಳುಕಾಳು, ಒಮ್ಮೊಮ್ಮೆ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲವನ್ನೂ ಹೊತ್ತ ಗಾಡಿ ಇದು. ಇದರ ಎಂಜಿನ್ನಿನ ಶಬ್ದ ಸ್ವಲ್ಪ ಬದಲಾದರೂ ಮಾಲೀಕರಿಗೆ ಕೂಡಲೇ ಗೊತ್ತಾಗುತ್ತದೆ. ಆದರೆ ಬ್ರೇಕಿನ ವಿಷಯದಲ್ಲಿ ಹಾಗಲ್ಲ. "ಎರಡು ಸಲ ಒತ್ತಿದರೆ ಹಿಡಿಯುತ್ತದೆ" ಎಂದು ಹೇಳಿಕೊಂಡು ವರ್ಷಗಟ್ಟಲೆ ಓಡಿಸುವವರು ಬಹಳ ಮಂದಿ ಇದ್ದಾರೆ. ಎರಡು ಸಲ ಒತ್ತಿದರೆ ಹಿಡಿಯುವ ಬ್ರೇಕು ಕೆಟ್ಟ ಬ್ರೇಕು. ಅದು ಸವೆದಿದೆ ಎಂಬುದನ್ನು ಅದೇ ಹೇಳುತ್ತಿದೆ.

ಸಾಧಾರಣ ಸ್ಪ್ಯಾನರುಗಳನ್ನು ಹಿಡಿದು ಬಲ್ಲ ರೈತರು ಈ ದುರಸ್ತಿಯ ಹೆಚ್ಚಿನ ಭಾಗವನ್ನು ಮನೆಯಲ್ಲಿಯೇ ಮಾಡಬಹುದು. ಯಾವುದನ್ನು ಮನೆಯಲ್ಲಿ ಮಾಡಬಾರದು ಎಂಬುದು ಅಷ್ಟೇ ಮುಖ್ಯವಾದುದರಿಂದ ಅದನ್ನೂ ಆಯಾ ಸ್ಥಳದಲ್ಲಿ ತಿಳಿಸಲಾಗಿದೆ.

ಬ್ರೇಕು ಕೆಲಸ ಮಾಡುವ ಬಗೆ

ಘಟ್ಟದ ದಾರಿಯಲ್ಲಿ ಎತ್ತಿನ ಗಾಡಿಗೆ ಬಿರಿ ಹಾಕುವುದನ್ನು ಹಿರಿಯರು ಕಂಡಿರುತ್ತಾರೆ. ಮರದ ತುಂಡೊಂದು ಹೊರಗಿನಿಂದ ಗಾಲಿಯ ಪಟ್ಟಿಗೆ ಒತ್ತುತ್ತದೆ. ಡ್ರಮ್ ಬ್ರೇಕಿನಲ್ಲಿ ಈ ಕೆಲಸ ಒಳಗಿನಿಂದ ನಡೆಯುತ್ತದೆ. ಚಕ್ರದೊಡನೆ ತಿರುಗುವ ಬೀಡು ಕಬ್ಬಿಣದ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಅವುಗಳ ಬೆನ್ನಿಗೆ ಲೈನಿಂಗ್ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಕೊಳವೆಗಳ ಮೂಲಕ ಪ್ರತಿ ಚಕ್ರದ ಸಣ್ಣ ಸಿಲಿಂಡರಿಗೆ ಹೋಗಿ ಅಲ್ಲಿನ ಎರಡು ಪಿಸ್ಟನ್ನುಗಳನ್ನು ಹೊರಕ್ಕೆ ತಳ್ಳುತ್ತದೆ. ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತುತ್ತವೆ. ಪೆಡಲ್ ಬಿಟ್ಟಾಗ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಹಳೆಯ ವಿಲ್ಲಿಸ್ ಮಾದರಿಯಲ್ಲಿ ಡ್ರಮ್ಮಿನ ಒಳವ್ಯಾಸ 9 ಅಂಗುಲ, ಲೈನಿಂಗಿನ ಅಗಲ 1¾ ಅಂಗುಲ. ಈಚಿನ ಡೀಸೆಲ್ ಜೀಪುಗಳಿಗೆ ದೊಡ್ಡ ಡ್ರಮ್ ಬಂದಿದ್ದುಂಟು. ಆದುದರಿಂದ ಬಿಡಿಭಾಗ ಕೊಳ್ಳಲು ಹೋಗುವಾಗ ಹಳೆಯ ಶೂವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು.

ಮುಂದಿನ ಚಕ್ರದ ಸಿಲಿಂಡರು ಹಿಂದಿನದಕ್ಕಿಂತ ದೊಡ್ಡದಾಗಿರುತ್ತದೆ. ಇಳಿಜಾರಿನಲ್ಲಿ ಗಾಡಿಯ ಭಾರ ಎತ್ತುಗಳ ಕೊರಳ ಮೇಲೆ ಬೀಳುವಂತೆ, ಬ್ರೇಕ್ ಹಾಕಿದಾಗ ಜೀಪಿನ ಭಾರ ಮುಂದಿನ ಚಕ್ರಗಳ ಮೇಲೆ ವಾಲುತ್ತದೆ. ಹೆಚ್ಚಿನ ಹಿಡಿತ ಅಲ್ಲಿಯೇ ಬೇಕು. ಹಿಂದೆ ದೊಡ್ಡ ಸಿಲಿಂಡರು ಹಾಕಿದರೆ ಹಿಂಬದಿಯ ಚಕ್ರಗಳು ಬೇಗ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. "ಇದೇ ಇತ್ತು, ಇದನ್ನೇ ಹಾಕಿದೆ" ಎಂಬ ಮಾತು ಇಲ್ಲಿ ನಡೆಯದು.

ಈ ಲೇಖನದಲ್ಲಿ ಓದುಗರು ನೆನಪಿಡಬೇಕಾದ ಮುಖ್ಯ ಸಂಗತಿ ಒಂದಿದೆ. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಆಯಿಲಿನ ದಾರಿ ಒಂದೇ. ನಾಲ್ಕು ಗದ್ದೆಗಳಿಗೆ ಒಂದೇ ಕಾಲುವೆ ಇದ್ದಂತೆ. ಕಾಲುವೆ ಎಲ್ಲಿ ಒಡೆದರೂ ನಾಲ್ಕು ಗದ್ದೆಗೂ ನೀರಿಲ್ಲ. ಯಾವುದೋ ಒಂದು ಚಕ್ರದ ರಬ್ಬರ್ ಕಪ್ಪು ಹರಿದರೆ, ಒಂದು ಹೋಸ್ ಪೈಪು ಒಡೆದರೆ, ಆ ಚಕ್ರದ ಬ್ರೇಕು ಮಾತ್ರ ಹೋಗುವುದಿಲ್ಲ, ನಾಲ್ಕೂ ಒಟ್ಟಿಗೆ ಹೋಗುತ್ತವೆ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಎರಡು ಪ್ರತ್ಯೇಕ ದಾರಿಗಳ ಬ್ರೇಕನ್ನು ಕಡ್ಡಾಯಗೊಳಿಸಿದ್ದು ಈ ಕಾರಣದಿಂದಲೇ. ಆದುದರಿಂದ ಹಳೆಯ ಜೀಪಿಗೆ ಹೊಸ ಲೈನಿಂಗ್ ಹಾಕಿಸಿ ರಬ್ಬರು, ಪೈಪುಗಳನ್ನು ಹಾಗೆಯೇ ಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ. ಸವೆದ ಲೈನಿಂಗು ಮುನ್ಸೂಚನೆ ಕೊಟ್ಟು ಕೈಬಿಡುತ್ತದೆ, ಹಳೆಯ ರಬ್ಬರು ಹೇಳದೆ ಕೈಬಿಡುತ್ತದೆ.

ಪೆಡಲು ಹೇಳುವ ಮಾತು

ಚಕ್ರ ಬಿಚ್ಚುವ ಮೊದಲೇ ಪೆಡಲಿನಿಂದ ಬಹಳಷ್ಟು ತಿಳಿಯುತ್ತದೆ. ಮೊದಲ ಒತ್ತಿಗೆ ತಳಕ್ಕೆ ಹೋಗಿ, ಎರಡು ಮೂರು ಸಲ ಒತ್ತಿದಾಗ ಮೇಲಕ್ಕೆ ಬಂದು ಗಟ್ಟಿಯಾದರೆ ಲೈನಿಂಗಿಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚಿದೆ ಎಂದು ಅರ್ಥ. ಲೈನಿಂಗ್ ಇನ್ನೂ ದಪ್ಪವಿದ್ದರೆ ಸರಿಹೊಂದಿಸುವುದಷ್ಟೇ ಸಾಕು. ಸ್ಪಂಜು ಒತ್ತಿದಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಕಾಲಿನ ಕೆಳಗೆ ಅದು ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಆಯಿಲ್ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಕಪ್ಪು ಒಳಗೇ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ. ಇಂತಹ ಜೀಪನ್ನು ರಸ್ತೆಗೆ ಇಳಿಸಲೇಬಾರದು.

ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಲೈನಿಂಗಿಗೆ ಎಣ್ಣೆ ಹತ್ತಿದೆ ಇಲ್ಲವೆ ಅದು ಕಾದು ಗಾಜಿನಂತೆ ನುಣುಪಾಗಿದೆ. ಬ್ರೇಕ್ ಹಾಕಿದಾಗ ಜೀಪು ಒಂದು ಪಕ್ಕಕ್ಕೆ ಎಳೆದರೆ ಎದುರು ಪಕ್ಕದ ಚಕ್ರ ಹಿಡಿಯುತ್ತಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಶಬ್ದ ಬಂತೆಂದರೆ ರಿವೆಟ್ಟಿನ ತಲೆ ಡ್ರಮ್ಮನ್ನು ಕೊರೆಯುತ್ತಿದೆ. ಅಂದೇ ನಿಲ್ಲಿಸುವುದು ಲಾಭಕರ, ಏಕೆಂದರೆ ಲೈನಿಂಗಿನ ಬೆಲೆಗಿಂತ ಡ್ರಮ್ಮಿನ ಬೆಲೆ ಹೆಚ್ಚು. ಹಳೆಯ ಮಾದರಿಗೆ ಅದು ಸುಲಭವಾಗಿ ಸಿಗುವುದೂ ಇಲ್ಲ.

ಬಿಚ್ಚುವ ಮೊದಲು

ಸಮತಟ್ಟಾದ ಗಟ್ಟಿ ನೆಲದಲ್ಲಿ ಜೀಪನ್ನು ನಿಲ್ಲಿಸಬೇಕು. ಹ್ಯಾಂಡ್ ಬ್ರೇಕನ್ನು ನಂಬಬೇಡಿ. ಹಳೆಯ ಜೀಪಿನ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಅದು ಗೇರು ಪೆಟ್ಟಿಗೆಯ ಹಿಂದೆ, ಹಿಂಬದಿಯ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದ ಕೂಡಲೇ ಆ ಚಕ್ರ ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿರುವ ಇನ್ನೊಂದು ಚಕ್ರ ಮುಂದಕ್ಕೆ ಉರುಳಲು ಡಿಫರೆನ್ಷಿಯಲ್ ಅವಕಾಶ ಕೊಡುತ್ತದೆ. ಹ್ಯಾಂಡ್ ಬ್ರೇಕ್ ಹಾಕಿದ್ದರೂ, ಗೇರಿನಲ್ಲಿ ಇಟ್ಟಿದ್ದರೂ ಜೀಪು ಜಾಕಿನಿಂದ ಜಾರಿ ಬೀಳಬಹುದು. ಆದುದರಿಂದ ನೆಲದ ಮೇಲಿರುವ ಚಕ್ರಗಳ ಮುಂದೆ ಹಿಂದೆ ಕಲ್ಲು ಅಥವಾ ಮರದ ತುಂಡು ಇಡಬೇಕು. ಆಕ್ಸಲಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟ ನಂತರವೇ ಕೈ ಹಾಕಬೇಕು. ಸಿಮೆಂಟ್ ಇಟ್ಟಿಗೆ, ಹೆಂಚು ಮುಂತಾದವು ಒತ್ತಡಕ್ಕೆ ಒಮ್ಮೆಲೇ ಪುಡಿಯಾಗುವುದರಿಂದ ಇದಕ್ಕೆ ಯೋಗ್ಯವಲ್ಲ.

ಹಲವು ಹಳೆಯ ಜೀಪುಗಳಲ್ಲಿ ಎಡಭಾಗದ ಚಕ್ರಗಳ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ನಟ್ಟು ಬರಲಿಲ್ಲವೆಂದು ಪೈಪು ಸಿಕ್ಕಿಸಿ ಜಗ್ಗುವ ಮೊದಲು ಇದನ್ನು ಪರೀಕ್ಷಿಸಿರಿ. ಹೀಗೆ ಜಗ್ಗಿ ಮುರಿದ ಬೋಲ್ಟುಗಳಿಗೆ ಲೆಕ್ಕವಿಲ್ಲ.

ಇನ್ನು ಧೂಳಿನ ವಿಷಯ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ. ಡ್ರಮ್ ತೆಗೆದಾಗ ಕಾಣುವ ಬೂದು ಬಣ್ಣದ ಹುಡಿಯಲ್ಲಿ ಕಣ್ಣಿಗೆ ಕಾಣದ ಅದರ ಎಳೆಗಳಿರುತ್ತವೆ. ಉಸಿರಿನೊಡನೆ ಶ್ವಾಸಕೋಶ ಸೇರಿದ ಈ ಎಳೆಗಳು ಹೊರಬರುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷಗಳ ನಂತರ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತವೆ. ಶ್ವಾಸಕೋಶದ ಕ್ಯಾನ್ಸರ್ ಕೂಡ ಇದರಿಂದ ಬರುತ್ತದೆ. ಬಾಯಿಂದ ಊದುವುದು, ಗಾಳಿ ಹೊಡೆಯುವ ಪಂಪಿನಿಂದ ಊದುವುದು, ಒಣ ಬ್ರಷ್ಷಿನಿಂದ ಗುಡಿಸುವುದು ಎಲ್ಲವೂ ವರ್ಜ್ಯ. ಒಂದು ತಟ್ಟೆಯನ್ನು ಕೆಳಗಿಟ್ಟು ಸಾಬೂನು ನೀರನ್ನು ಚಿಮುಕಿಸಿ ಹುಡಿಯನ್ನು ಪೂರ್ತಿ ನೆನೆಸಬೇಕು. ನಂತರ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಬಟ್ಟೆಯನ್ನು ಸುಡಬಾರದು. ಕೊಟ್ಟಿಗೆಯಲ್ಲಿ, ಮೇವಿನ ಪಕ್ಕದಲ್ಲಿ ಈ ಕೆಲಸ ಬೇಡ, ಮಕ್ಕಳನ್ನೂ ದೂರವಿಡಿ. ಈಗ ಕಲ್ನಾರು ಇಲ್ಲದ ಲೈನಿಂಗುಗಳು ದೊರೆಯುತ್ತವೆ. ಕೇಳಿ ಅದನ್ನೇ ಕೊಳ್ಳಬೇಕು.

ಡ್ರಮ್ ತೆಗೆಯುವುದು

ಒಂದು ಸಲಕ್ಕೆ ಒಂದೇ ಚಕ್ರವನ್ನು ಬಿಚ್ಚುವುದು ಜಾಣತನ. ಯಾವ ಸ್ಪ್ರಿಂಗು ಎಲ್ಲಿತ್ತು ಎಂಬ ಸಂದೇಹ ಬಂದಾಗ ಇನ್ನೊಂದು ಪಕ್ಕದ ಚಕ್ರ ಮಾದರಿಯಾಗಿ ಉಳಿದಿರುತ್ತದೆ. ಕೆಲವು ಜೀಪುಗಳಲ್ಲಿ ಡ್ರಮ್ಮನ್ನು ಹಬ್ಬಿಗೆ ಮೂರು ಸ್ಕ್ರೂಗಳಿಂದ ಹಿಡಿಸಿರುತ್ತಾರೆ, ಅವನ್ನು ತೆಗೆದರೆ ಡ್ರಮ್ ಹೊರಬರುತ್ತದೆ. ಇನ್ನು ಕೆಲವದರಲ್ಲಿ ಹಬ್ಬು, ಬೇರಿಂಗು ಸಮೇತ ತೆಗೆಯಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ಬೇರಿಂಗುಗಳನ್ನು ಶುದ್ಧವಾದ ಕಾಗದದ ಮೇಲಿಟ್ಟು ಮರಳು ತಗಲದಂತೆ ಮುಚ್ಚಿಡಬೇಕು.

ಸವೆದ ಡ್ರಮ್ಮಿನ ಅಂಚಿನಲ್ಲಿ ಏಣು ಎದ್ದಿರುವುದರಿಂದ ಶೂಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಆಗ ಹಿಂದಿನ ತಗಡಿನ ಮೇಲಿರುವ ಎರಡು ಅಡ್ಜಸ್ಟರುಗಳನ್ನು ಸಡಿಲಿಸಿದರೆ ಡ್ರಮ್ ಬಿಡುತ್ತದೆ. ಆದರೂ ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ನಡುಭಾಗಕ್ಕೆ ಹಾಕಿ ಒಂದು ರಾತ್ರಿ ಬಿಡಿ. ನಂತರ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಬೀಡು ಕಬ್ಬಿಣಕ್ಕೆ ಸುತ್ತಿಗೆಯ ಪೆಟ್ಟು ಕೊಟ್ಟರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದು ಇಂದು ಕಾಣುವುದಿಲ್ಲ, ಘಾಟಿ ಇಳಿಯುವಾಗ ಕಾಣುತ್ತದೆ.

ಡ್ರಮ್ ತೆಗೆದ ಮೇಲೆ ಪೆಡಲನ್ನು ಯಾರೂ ಒತ್ತಬಾರದು, ಒತ್ತಿದರೆ ಪಿಸ್ಟನ್ನುಗಳು ಹೊರಕ್ಕೆ ಹಾರಿ ಆಯಿಲ್ ಚೆಲ್ಲುತ್ತದೆ. ಸಿಲಿಂಡರಿನ ಸುತ್ತ ತಂತಿ ಕಟ್ಟಿಡುವುದು ಕ್ಷೇಮ.

ಏನನ್ನು ನೋಡಬೇಕು

ಮೊದಲು ಲೈನಿಂಗ್. ರಿವೆಟ್ಟಿನ ತಲೆಯಿಂದ ಲೈನಿಂಗಿನ ಮೇಲ್ಮೈಗೆ 1/32 ಅಂಗುಲ, ಅಂದರೆ ಸುಮಾರು 0.8 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬದಲಾಯಿಸಲೇಬೇಕು. ಮುಂದಿನ ಶೂವಿನ ಲೈನಿಂಗು ಹಿಂದಿನದಕ್ಕಿಂತ ಬೇಗ ಸವೆದಿರುವುದು ಸಹಜ. ಚಕ್ರ ಮುಂದಕ್ಕೆ ತಿರುಗುವಾಗ ಡ್ರಮ್ಮೇ ಆ ಶೂವನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಹೀಗಾಗಿ ಹೆಚ್ಚಿನ ಕೆಲಸ ಅದರ ಪಾಲಿಗೆ ಬರುತ್ತದೆ. ಹಳೆಯ ಜೀಪುಗಳಲ್ಲಿ ಮುಂದಿನ ಶೂವಿಗೆ ಉದ್ದನೆಯ, ಹಿಂದಿನ ಶೂವಿಗೆ ಗಿಡ್ಡನೆಯ ಲೈನಿಂಗು ಇರುವುದೂ ಇದಕ್ಕಾಗಿಯೇ. ಇವನ್ನು ಅದಲು ಬದಲು ಮಾಡಿ ಜೋಡಿಸಿದರೆ ಬ್ರೇಕು ಎಂದೂ ಸರಿಯಾಗಿ ಹಿಡಿಯುವುದಿಲ್ಲ. ಬಿಚ್ಚುವಾಗಲೇ ಸೀಮೆಸುಣ್ಣದಿಂದ ಗುರುತು ಹಾಕಿಡಿ.

ಲೈನಿಂಗಿಗೆ ಎಣ್ಣೆ ಹತ್ತಿದ್ದರೆ ಅದು ಎಷ್ಟೇ ದಪ್ಪವಿರಲಿ ತೆಗೆದುಹಾಕಬೇಕು. ಪೆಟ್ರೋಲು ಹಾಕಿ ಬೆಂಕಿ ಹಚ್ಚಿ "ಎಣ್ಣೆ ಸುಡುವ" ಪದ್ಧತಿಯೊಂದು ಹಳ್ಳಿಗಳಲ್ಲಿದೆ. ಹಾಗೆ ಸುಟ್ಟರೆ ಲೈನಿಂಗಿನ ಅಂಟು ಪದಾರ್ಥವೇ ಸುಟ್ಟುಹೋಗುತ್ತದೆ. ಒಳಗೆ ಇಳಿದ ಎಣ್ಣೆ ಮುಂದಿನ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿ. ತೊಡೆದಾಗ ತೆಳ್ಳಗಿದ್ದು ನೀರಿನಲ್ಲಿ ಕರಗುವುದಾದರೆ ಅದು ಬ್ರೇಕ್ ಆಯಿಲ್, ಸಿಲಿಂಡರ್ ಸೋರಿದೆ. ಮಂದವಾಗಿ ಗಂಧಕದ ವಾಸನೆ ಇದ್ದರೆ ಡಿಫರೆನ್ಷಿಯಲಿನ ಎಣ್ಣೆ. ಅದಕ್ಕೆ ಕಾರಣ ಆಕ್ಸಲಿನ ಎಣ್ಣೆ ಸೀಲು ಸವೆದಿರುವುದು, ಇಲ್ಲವೆ ಎಣ್ಣೆಯನ್ನು ಮಟ್ಟಕ್ಕಿಂತ ಹೆಚ್ಚು ತುಂಬಿರುವುದು. ಕಾರಣ ಸರಿಪಡಿಸದೆ ಹೊಸ ಲೈನಿಂಗ್ ಹಾಕಿದರೆ ಹಣ ನೀರಿಗೆ ಹಾಕಿದಂತೆ.

ಡ್ರಮ್ಮಿನ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಉಗುರು ಸಿಕ್ಕುವಷ್ಟು ಗೀರುಗಳಿದ್ದರೆ, ಏಣು ಎದ್ದಿದ್ದರೆ, ಅಥವಾ ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಮಿಡಿಯುತ್ತಿದ್ದರೆ ಲೇತಿನಲ್ಲಿ ಹೊಡೆಸಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಒಂದೇ ಆಕ್ಸಲಿನ ಎರಡೂ ಡ್ರಮ್ಮುಗಳನ್ನು ಒಂದೇ ಅಳತೆಗೆ ಹೊಡೆಸಬೇಕು. ಸಾಮಾನ್ಯವಾಗಿ ಮೂಲ ವ್ಯಾಸಕ್ಕಿಂತ 0.060 ಅಂಗುಲ, ಅಂದರೆ 1.5 ಮಿ.ಮೀ.ಗಿಂತ ಹೆಚ್ಚು ತೆಗೆಯಬಾರದೆಂಬುದು ವರ್ಕ್‌ಷಾಪುಗಳ ನಿಯಮ. 9 ಅಂಗುಲದ ಡ್ರಮ್ 228.6 ಮಿ.ಮೀ. ಇರುವುದರಿಂದ ಅದು 230.1 ಮಿ.ಮೀ. ದಾಟಿದರೆ ಗುಜರಿಗೆ ಕೊಡುವುದು ಲೇಸು. ತೆಳುವಾದ ಡ್ರಮ್ ಬೇಗ ಕಾದು, ಹಿಗ್ಗಿ, ಶೂವಿನಿಂದ ದೂರ ಸರಿಯುತ್ತದೆ. ಬಿರುಕು ಬಿಟ್ಟ ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸಲೇಬಾರದು.

ಹಿಂದೆಳೆಯುವ ಸ್ಪ್ರಿಂಗುಗಳು ನೀಲಿಯಾಗಿದ್ದರೆ ಬಿಸಿಗೆ ಹದ ಕಳೆದುಕೊಂಡಿವೆ. ಬೆಲೆ ಅಲ್ಪ, ಹೊಸದನ್ನೇ ಹಾಕಿ.

ಲೈನಿಂಗ್ ಕೂರಿಸುವುದು

ಲೈನಿಂಗ್ ಕೂರಿಸಿದ ಶೂಗಳೇ ಸಿಕ್ಕುವುದಾದರೆ ಅದೇ ಸುಲಭ. ಇಲ್ಲದಿದ್ದರೆ ಹಳೆಯ ರಿವೆಟ್ಟುಗಳನ್ನು ತೆಗೆದು ಹೊಸ ಪಟ್ಟಿ ಕೂರಿಸಬೇಕು. ಡ್ರಿಲ್ಲಿನಿಂದ ಕೊರೆದರೆ ಧೂಳು ಏಳುತ್ತದೆ. ಆದುದರಿಂದ ಪಟ್ಟಿಯನ್ನು ನೆನೆಸಿ, ರಿವೆಟ್ಟಿನ ಹಿಂಬದಿಯನ್ನು ಉಳಿಯಿಂದ ಕತ್ತರಿಸಿ ಪಂಚಿನಿಂದ ಹೊರದೂಡುವುದು ಮೇಲು. ಶೂವಿನ ಮೈಯನ್ನು ತುಕ್ಕು ಹೋಗುವಂತೆ ಉಜ್ಜಿ ಪಟ್ಟಿಯನ್ನು ನಡುವಿನಿಂದ ರಿವೆಟ್ ಮಾಡುತ್ತಾ ಎರಡೂ ತುದಿಗಳಿಗೆ ಸಾಗಬೇಕು. ತುದಿಯಿಂದ ಆರಂಭಿಸಿದರೆ ನಡುವೆ ಉಬ್ಬು ಉಳಿಯುತ್ತದೆ, ಅಲ್ಲಿ ಲೈನಿಂಗ್ ಬಿರಿಯುತ್ತದೆ. ಪಟ್ಟಿಗೂ ಶೂವಿಗೂ ನಡುವೆ ತೆಳುವಾದ ಕಾಗದವೂ ನುಸುಳಬಾರದು. ಹಿತ್ತಾಳೆಯ ಅಥವಾ ತಾಮ್ರದ ರಿವೆಟ್ಟನ್ನೇ ಬಳಸಬೇಕು, ಕಬ್ಬಿಣದ್ದು ಡ್ರಮ್ಮನ್ನು ಹಾಳುಮಾಡುತ್ತದೆ. ಕೈ ಕುದುರದವರು ಈ ಒಂದು ಕೆಲಸವನ್ನು ಪೇಟೆಯಲ್ಲಿ ಲೈನಿಂಗ್ ಹಾಕುವವರಲ್ಲಿ ಮಾಡಿಸಿಕೊಂಡು ಬಂದರೆ ತಪ್ಪೇನಿಲ್ಲ. ಅವರ ಬಳಿ ಇದಕ್ಕೆಂದೇ ಪ್ರೆಸ್ ಇರುತ್ತದೆ. ಒಂದು ಪಕ್ಕದ ಚಕ್ರಕ್ಕೆ ಮಾತ್ರ ಹೊಸದು ಹಾಕಬಾರದು. ಎಡಕ್ಕೂ ಬಲಕ್ಕೂ ಒಂದೇ ತಯಾರಿಕೆಯ ಲೈನಿಂಗು ಒಟ್ಟಿಗೆ ಬೀಳಬೇಕು.

ಸಿಲಿಂಡರು, ರಬ್ಬರು, ಪೈಪು

ಚಕ್ರದ ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಎತ್ತಿ ನೋಡಿ. ಒಳಗೆ ತೇವವಿದ್ದರೆ ಕಪ್ಪುಗಳು ಸೋತಿವೆ. ಡ್ರಮ್ ತೆಗೆದಿರುವಾಗ ಸೋರದಿದ್ದರೂ ಕಪ್ಪುಗಳನ್ನು ಬದಲಾಯಿಸಿಬಿಡುವುದೇ ನನ್ನ ಸಲಹೆ. ಪಿಸ್ಟನ್ನು, ಕಪ್ಪು, ಸ್ಪ್ರಿಂಗುಗಳನ್ನು ಹೊರತೆಗೆದು ಸಿಲಿಂಡರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕಲೆ ಮಾತ್ರ ಇದ್ದರೆ ಬಹಳ ನಯವಾದ ಪಾಲಿಷ್ ಕಾಗದವನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ, ಉದ್ದುದ್ದ ಉಜ್ಜದೆ ಸುತ್ತಲೂ ತಿರುಗಿಸಿ ತೆಗೆಯಬಹುದು. ಉಗುರಿಗೆ ತಗಲುವ ಗುಳಿಗಳಿದ್ದರೆ ಹೊಸ ಸಿಲಿಂಡರೇ ಬೇಕು. ಗುಳಿ ಬಿದ್ದ ಸಿಲಿಂಡರಿಗೆ ಹೊಸ ಕಪ್ಪು ಹಾಕಿದರೆ ಕೆಲವೇ ವಾರಗಳಲ್ಲಿ ಮತ್ತೆ ಸೋರುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಾದ ಎಚ್ಚರಿಕೆ. ಈ ಭಾಗಗಳನ್ನು ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್‌ಗಳಲ್ಲಿ ತೊಳೆಯಬಾರದು. ಎಂಜಿನ್ ಎಣ್ಣೆ, ಸಾಧಾರಣ ಗ್ರೀಸು ತಗಲಬಾರದು. ಖನಿಜ ಎಣ್ಣೆ ತಗಲಿದ ಕಪ್ಪು ಉಬ್ಬಿ ಮೆತ್ತಗಾಗುತ್ತದೆ, ಆಗ ಬ್ರೇಕು ಹಿಡಿದದ್ದು ಬಿಡುವುದಿಲ್ಲ ಇಲ್ಲವೆ ಹಿಡಿಯುವುದೇ ಇಲ್ಲ. ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್ ಮಾತ್ರ ಬಳಸಿ. ದಾರಿಯಲ್ಲಿ ಆಯಿಲ್ ಕಡಿಮೆಯಾಯಿತೆಂದು ಎಂಜಿನ್ ಎಣ್ಣೆ ಸುರಿದವರು ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹೋಸಿನವರೆಗೆ ಎಲ್ಲ ರಬ್ಬರನ್ನೂ ಬದಲಾಯಿಸಬೇಕಾಗುತ್ತದೆ. ಕಪ್ಪಿನ ತುಟಿ ಆಯಿಲಿನ ಕಡೆಗೆ, ಅಂದರೆ ನಡುವಿನ ಸ್ಪ್ರಿಂಗಿನ ಕಡೆಗೆ ಇರುವಂತೆ ಜೋಡಿಸಬೇಕು.

ಜೀಪಿನಲ್ಲಿ ಮುಂದಿನ ಚಕ್ರಗಳ ಕಡೆಗೂ ಹಿಂದಿನ ಆಕ್ಸಲಿನ ಕಡೆಗೂ ಹೋಸ್ ಪೈಪುಗಳಿವೆ. ಬಗ್ಗಿಸಿದಾಗ ಬಿರುಕು ಕಂಡರೆ, ಒತ್ತಿದಾಗ ಉಬ್ಬಿದರೆ ತೆಗೆದುಬಿಡಿ. ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡ ಹೋಸು ಆಯಿಲನ್ನು ಚಕ್ರಕ್ಕೆ ಹೋಗಲು ಬಿಟ್ಟು ಮರಳಲು ಬಿಡುವುದಿಲ್ಲ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಬಿಗಿಯಾಗಿಯೇ ಇದ್ದರೆ ಅದರ ಮೇಲೆ ಸಂಶಯಪಡಬೇಕು. ಉಕ್ಕಿನ ಪೈಪು ತುಕ್ಕು ಹಿಡಿದು ಪದರ ಎದ್ದಿದ್ದರೆ ಉಕ್ಕಿನದನ್ನೇ ಹಾಕಿಸಬೇಕು. ಬೆಸುಗೆ, ಟೇಪು, ಅಂಗಡಿಯಲ್ಲಿ ಸಿಗುವ ಮಾಮೂಲು ತಾಮ್ರದ ಕೊಳವೆ ಯಾವುದೂ ಸಲ್ಲದು. ತಾಮ್ರ ಅಲುಗಾಟಕ್ಕೆ ಗಡುಸಾಗಿ ಬಿರಿಯುತ್ತದೆ.

ಜೋಡಿಸಿ ಸರಿಹೊಂದಿಸುವುದು

ಶೂಗಳ ಕೆಳತುದಿಗಳು ಎರಡು ಪಿನ್ನುಗಳ ಮೇಲೆ ಕೂರುತ್ತವೆ, ಮೇಲ್ತುದಿಗಳು ಪಿಸ್ಟನ್ನಿಗೆ ಒರಗುತ್ತವೆ. ಕೈಗೆ ಗ್ರೀಸು ಇದ್ದರೆ ಲೈನಿಂಗ್ ಮುಟ್ಟಬಾರದು. ಡ್ರಮ್ ಹಾಕಿ ಚಕ್ರವನ್ನು ತಿರುಗಿಸುತ್ತಾ ಅಡ್ಜಸ್ಟರನ್ನು ಬಿಗಿಮಾಡಬೇಕು: ಮುಂದಿನ ಶೂವಿಗೆ ಚಕ್ರವನ್ನು ಮುಂದಕ್ಕೆ, ಹಿಂದಿನ ಶೂವಿಗೆ ಹಿಂದಕ್ಕೆ ತಿರುಗಿಸುತ್ತಾ. ಶೂ ಉಜ್ಜಿ ಚಕ್ರ ಬಿಗಿಯಾದ ನಂತರ, ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಸಾಧಾರಣ ಸವೆತಕ್ಕೆ ಇಷ್ಟೇ ಸಾಕು, ಕೆಳಗಿನ ಪಿನ್ನುಗಳನ್ನು ಮುಟ್ಟಬೇಕಾಗಿಲ್ಲ.

ಹೊಸ ಲೈನಿಂಗ್ ಹಾಕಿದಾಗ ಮಾತ್ರ ಪಿನ್ನುಗಳನ್ನೂ ಸರಿಹೊಂದಿಸಬೇಕು. ಅವು ಕೇಂದ್ರ ತಪ್ಪಿದ ಪಿನ್ನುಗಳಾದುದರಿಂದ ತಿರುಗಿಸಿದಾಗ ಶೂವಿನ ಕೆಳತುದಿ ಒಳಕ್ಕೆ ಹೊರಕ್ಕೆ ಸರಿಯುತ್ತದೆ. ಡ್ರಮ್ಮಿನ ಕಿಂಡಿಯಿಂದ ಫೀಲರ್ ಗೇಜ್ ತೂರಿಸಿ ಅಂತರ ನೋಡಬೇಕು. ಕೆಳತುದಿಯಲ್ಲಿ 0.005 ಅಂಗುಲ, ಮೇಲ್ತುದಿಯಲ್ಲಿ 0.008 ಅಂಗುಲ ಇರಬೇಕೆಂಬುದು ವಿಲ್ಲಿಸ್ ಜೀಪಿನ ಅಳತೆ, ಅಂದರೆ 0.13 ಮತ್ತು 0.20 ಮಿ.ಮೀ. ಪಿನ್ನಿನ ನಟ್ಟು ಬಿಗಿಮಾಡುವಾಗ ಪಿನ್ನು ತಿರುಗಿಬಿಡುವುದುಂಟು, ಆದುದರಿಂದ ಬಿಗಿಮಾಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು.

ಪೆಡಲಿಗೆ ಸುಮಾರು ಅರ್ಧ ಅಂಗುಲ ಖಾಲಿ ಆಟ ಇರಲೇಬೇಕು. ಕೆಲವರು ಬ್ರೇಕು ಮೇಲೆಯೇ ಹಿಡಿಯಲೆಂದು ಈ ಆಟವನ್ನು ತೆಗೆದುಬಿಡುತ್ತಾರೆ. ಆಗ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಮುಚ್ಚಿಕೊಂಡು, ಬಿಸಿಗೆ ಹಿಗ್ಗಿದ ಆಯಿಲಿಗೆ ಹಿಂತಿರುಗಲು ದಾರಿಯಿಲ್ಲದೆ, ನಾಲ್ಕು ಚಕ್ರಗಳೂ ಓಡುತ್ತಾ ಓಡುತ್ತಾ ತಾವೇ ಬಿಗಿಯುತ್ತವೆ.

ಗಾಳಿ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ಕಾಲಿಡುವ ತಗಡಿನ ಕೆಳಗಿರುವ ಆಯಿಲ್ ಡಬ್ಬಿಯ ಮುಚ್ಚಳದ ಸುತ್ತ ಮಣ್ಣನ್ನು ಚೆನ್ನಾಗಿ ಒರೆಸಿ ನಂತರ ತೆರೆಯಬೇಕು. ಮುಚ್ಚಳದ ಗಾಳಿಕಂಡಿಯೂ ತೆರೆದಿರಲಿ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ ಚಕ್ರದಲ್ಲಿ ಮುಗಿಸಬೇಕು. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಜೀಪುಗಳಲ್ಲಿ ಹಿಂದಿನ ಎಡಚಕ್ರ ಮೊದಲು ಬರುತ್ತದೆ. ನಿಪ್ಪಲಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಗಾಜಿನ ಸೀಸೆಯಲ್ಲಿ ಮುಳುಗಿಸಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತುತ್ತಿರುವಾಗ ನಿಪ್ಪಲ್ ತೆರೆಯಬೇಕು, ಪೆಡಲ್ ಬಿಡುವ ಮೊದಲು ಮುಚ್ಚಬೇಕು. ಗುಳ್ಳೆಗಳು ನಿಲ್ಲುವವರೆಗೆ ಹೀಗೆ ಮಾಡಿ. ಡಬ್ಬಿಯಲ್ಲಿ ಆಯಿಲ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳದಿದ್ದರೆ ಗಾಳಿ ಮತ್ತೆ ಒಳಗೆ ಸೇರಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸೀಸೆಗೆ ಬಂದ ಆಯಿಲನ್ನು ಮರಳಿ ಹಾಕಬಾರದು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಡ್ರಮ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಒಮ್ಮೆಲೇ ತಳಕ್ಕೆ ಹೋಗುತ್ತದೆ. ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಪೂರ್ತಿ ಆಯಿಲ್ ಬದಲಾಯಿಸುವುದು ಒಳ್ಳೆಯದು. ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಬೇಡ.

ರಸ್ತೆಗೆ ಇಳಿಸುವ ಮೊದಲು

ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ಒಣ ಬೆರಳಿನಿಂದ ಮುಟ್ಟಿ ನೋಡಬೇಕು. ನಂತರ ಖಾಲಿ ಕಣದಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿ ಜೀಪು ನೇರವಾಗಿ ನಿಲ್ಲುತ್ತದೆಯೇ ಪರೀಕ್ಷಿಸಿ. ಮೊದಲ 150–200 ಕಿ.ಮೀ.ವರೆಗೆ ಹೊಸ ಲೈನಿಂಗ್ ಪೂರ್ತಿ ಕೂತಿರುವುದಿಲ್ಲ. ಭಾರ ಹೇರಬೇಡಿ, ಘಾಟಿಗೂ ಒಯ್ಯಬೇಡಿ. ಸ್ವಲ್ಪ ಓಡಿದ ನಂತರ ಪ್ರತಿ ಡ್ರಮ್ಮಿಗೂ ನಾಲ್ಕು ಹನಿ ನೀರು ಚಿಮುಕಿಸಿ. ಒಂದರ ಮೇಲೆ ಮಾತ್ರ ಚುರ್ ಎಂದು ಆವಿ ಎದ್ದರೆ ಆ ಶೂ ಬಿಗಿಯಾಗಿದೆ, ಸಡಿಲಿಸಿ. ಲೈನಿಂಗ್ ಕೂತ ಮೇಲೆ ಅಡ್ಜಸ್ಟರನ್ನು ಇನ್ನೊಮ್ಮೆ ಬಿಗಿಮಾಡಬೇಕಾಗುತ್ತದೆ.

ಹಳ್ಳ ದಾಟಿದ ಮೇಲೆ, ಕೆಸರುಗದ್ದೆಯಿಂದ ಬಂದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಬ್ರೇಕು ಹಿಡಿಯುವುದಿಲ್ಲ. ನಿಧಾನವಾಗಿ ಓಡಿಸುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದರೆ ಬಿಸಿಗೆ ಒಣಗುತ್ತದೆ. ಇದನ್ನು ಹಳ್ಳದ ದಡದಲ್ಲೇ ಮಾಡಬೇಕೇ ಹೊರತು ಮುಂದಿನ ಇಳಿಜಾರಿನಲ್ಲಿ ಅಲ್ಲ. ಆಗುಂಬೆ, ಚಾರ್ಮಾಡಿಗಳಂತಹ ಘಾಟಿಗಳಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿಯಬಾರದು. ಇಳಿಜಾರು ಆರಂಭವಾಗುವ ಮೊದಲೇ ಕೆಳ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು.

ದಿನನಿತ್ಯ ದುಡಿಯುವ ಜೀಪಿಗೆ ಎರಡು ದಾರಿಗಳ ಮಾಸ್ಟರ್ ಸಿಲಿಂಡರ್ ಅಳವಡಿಸುವುದು ಒಳ್ಳೆಯ ಯೋಚನೆಯೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ನುರಿತವರಿಂದ ಮಾಡಿಸಬೇಕು, ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ಮಾಡಿದೆ. ಅಂತಹ ವಾಹನ ಮೂಲ ರೂಪದಲ್ಲಿಯೇ ಇರಬೇಕು, ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ತೋಟದ ಕೆಲಸಕ್ಕೆ ಜೀಪು ಬೇಕೆನ್ನುವವರು ಆ ನೋಂದಣಿಗೆ ಹೋಗುವ ಮೊದಲು ಈ ಷರತ್ತನ್ನು ಗಮನಿಸಬೇಕು.